ಬರುವುದು ಬಾಕಿ

"ಗುರುಪಾದಪ್ಪಾ, ಮಂದಿ ಬರಾಕತ್ತಾರೋ."

ಸೋಮವಾರ ಬೆಳಿಗ್ಗೆ ಶಿವಗಂಗವ್ವ ಫೋನಿನಲ್ಲಿ ಹೀಗಂದಾಗ ಗುರುಪಾದ ಮೇಟಿ ತನ್ನ ಯಂತ್ರಗಣ್ಣಿನ ರಿಪೇರಿ ಕೇಂದ್ರದ ಬಾಗಿಲ ಕೀಲಿ ತೆಗೆಯುತ್ತಿದ್ದ. ಖಾನಾವಳಿ ನಡೆಸುವವರು ಮಂದಿ ಬರುತ್ತಿದ್ದಾರೆಂದು ದೂರು ಕೊಟ್ಟದ್ದನ್ನು ಅವನು ಈ ಜನ್ಮದಲ್ಲಿ ಕೇಳಿರಲಿಲ್ಲ.

"ಛಲೋ ಆತಲ್ರಿ ಅಕ್ಕಾರ. ಬರಲಿ ಬಿಡ್ರಿ, ಉಣ್ಣಾಕ ಹಾಕ್ರಿ."

"ಅಲ್ಲೋ ಖೋಡಿ, ಬರಾಕತ್ತಾರ, ಆದ್ರ ಬಂದು ಮುಟ್ಟವಲ್ಲರು. ಶನಿವಾರ ಓಣಿ ತುದಿಗೆ ಇರುವಿ ಹಂಗ ಕಾಣ್ತಿದ್ರು. ನಿನ್ನೆ ಬೇವಿನ ಗಿಡದ ತನಕ ಬಂದ್ರು. ಇವತ್ತ ಮೆಟ್ಟಲಿಗೆ ಬಂದು ನಿಂತಾರ."

"ಎಂಥಾ ಮಂದಿರಿ?"

"ಮಾರಿ ಇಲ್ಲ, ಮೂಗ ಇಲ್ಲ. ಬೂದಿ ಬಣ್ಣದ ಆಕಾರ. ಖರೇನ ಬಂದಾವ್ರೂ ಹಂಗ ಕಾಣ್ತಾರ. ಯಾರಿಗೆ ತಾಟ ಇಡ್ಲಿ, ಯಾರಿಗೆ ಬಿಡ್ಲಿ?" ಆಕೆಯ ದನಿ ಇಳಿಯಿತು. "ನಿನ್ನೆ ಹಳ್ಯಾಳ ಮಾಸ್ತರ ಕೈಮ್ಯಾಲ ಕುದಿಯೂ ಸಾರ ಚೆಲ್ಲಿದೆ. ಪಾಪ, ಅವರು ಅಲ್ಲೇ ನಿಂತಿದ್ರು. ಸುಳ್ಳಮಂದಿ ಅಂತ ತಿಳಕೊಂಡೆ."

ಗುರುಪಾದನ ಕೈಯಲ್ಲಿದ್ದ ಕೀಲಿ ಕೈಯಲ್ಲೇ ಉಳಿಯಿತು. ಶುಕ್ರವಾರ ಸಂಜೆ ಐದಕ್ಕೆ ಹೊಸ ಅಪ್‌ಡೇಟ್ ಬಂದಿತ್ತು. ಈ ಕೇಂದ್ರಕ್ಕೆ ಸೇರಿದ ನಲವತ್ಮೂರು ಕಣ್ಣಿನ ಡಬ್ಬಿಗಳಿಗೆ ಒಂದೊಂದಾಗಿ, ಮಾದರಿ ನೋಡಿ ಹಾಕಬೇಕು ಎಂಬ ಸೂಚನೆಯೂ ಬಂದಿತ್ತು. ಮನೆಗೆ ಹೋಗುವ ಅವಸರದಲ್ಲಿ ಅವನು 'ಎಲ್ಲಕ್ಕೂ' ಎಂಬುದನ್ನು ಒತ್ತಿದ್ದ. ನಲವತ್ತೆರಡು ಹೊಸ ಮಾದರಿಯವು. ಒಂದೇ ಒಂದು ಹಳೆಯದು, ಶಿವಗಂಗವ್ವನದು.

"ಅಕ್ಕಾರ, ಡ್ರೈವರ್ ಹೋಗಿರಬೇಕ್ರಿ."

"ಯಾವ ಡ್ರೈವರ್? ಇಮಾಮಸಾಬನ? ಅಂವ ನಿನ್ನೆ ಮಧ್ಯಾಹ್ನ ನಾಕ ರೊಟ್ಟಿ ತಿಂದಾನಪ್ಪ. ಆರಾಮ ಅದಾನ."

ಗುರುಪಾದನಿಗೆ ನಗು ಬರಬೇಕಿತ್ತು, ಬರಲಿಲ್ಲ.

*

ಶಿವಗಂಗವ್ವನ ಕಣ್ಣು ಸಕ್ಕರೆ ಕಾಯಿಲೆಗೆ ಹೋಗಿ ಎಂಟು ವರ್ಷ. ನಾಲ್ಕು ವರ್ಷದ ಹಿಂದೆ ಕಣ್ಣಿನ ಹಿಂದಿನ ನರಕ್ಕೆ ಅಕ್ಕಿಕಾಳಿನಷ್ಟು ಚಿಪ್ ಕೂರಿಸಿ, ಮೂಗಿನ ಮೇಲೆ ಎರಡು ಕ್ಯಾಮರಾಗಳ ಕನ್ನಡಕ, ಸೊಂಟಕ್ಕೆ ಎಲೆ-ಅಡಿಕೆ ಚೀಲದಷ್ಟು ದೊಡ್ಡದೊಂದು ಡಬ್ಬಿ ಕೊಟ್ಟಿದ್ದರು. ಕ್ಯಾಮರಾ ಕಂಡದ್ದನ್ನು ಡಬ್ಬಿ ಚಿತ್ರವಾಗಿಸುತ್ತದೆ, ಚಿಪ್ ಆ ಚಿತ್ರವನ್ನು ನರಕ್ಕೆ ಮುಟ್ಟಿಸುತ್ತದೆ. ನಡುವೆ ಕೂತು ಚಿತ್ರ ಬರೆಯುವ ಕೆಲಸವೆಲ್ಲ ಗ್ರಾಫಿಕ್ಸ್ ಡ್ರೈವರ್ ಎಂಬ ಒಂದು ಪ್ರೋಗ್ರಾಮಿನದು. ಅದು ಕೆಟ್ಟರೆ ಡಬ್ಬಿ ತನಗೆ ತಿಳಿದಷ್ಟು ಬೂದು ಗೆರೆ ಎಳೆದು ಹೇಗೋ ಕಾಲ ತಳ್ಳುತ್ತದೆ.

ಗುರುಪಾದ ಯಾವ ಕಾಲೇಜಿನಲ್ಲೂ ಇದನ್ನು ಕಲಿತವನಲ್ಲ. ಮೂವತ್ತು ವರ್ಷ ಗದುಗಿನಲ್ಲಿ ಟಿವಿ ರಿಪೇರಿ ಮಾಡಿದ. ಜನ ಟಿವಿ ರಿಪೇರಿ ಮಾಡಿಸುವುದನ್ನೇ ಬಿಟ್ಟ ಮೇಲೆ ವಿಡಿಯೋ ನೋಡಿ, ಕೈ ಸುಟ್ಟುಕೊಂಡು, ಈ ವಿದ್ಯೆ ಹಿಡಿದ. ಕೇಂದ್ರದ ಮೇಜಿನ ಮುಂದೆ ಕೂತು ಅವನು ಫೋನ್ ಮೂಲಕ ಆಕೆಯ ಡಬ್ಬಿಗೆ ಸಂಪರ್ಕ ಹಚ್ಚಿದ. ಹಳೆಯ ಮಾದರಿಗೆ ಸರಿಹೊಂದುವ ಹೊಸ ಡ್ರೈವರ್ ಇಳಿಸಿ ಇನ್‌ಸ್ಟಾಲ್ ಮಾಡಿದ. ಅರ್ಧಕ್ಕೆ ನಿಂತಿತು. ರೀಸ್ಟಾರ್ಟ್ ಮಾಡಿಸಿದ. ನಿಂತಿತು. ಸೇಫ್ ಮೋಡಿಗೆ ಹೋಗಿ ಹಳೆಯ ಡ್ರೈವರ್ ತೆಗೆಯಲು ನೋಡಿದ. ಪರದೆಯ ಮೇಲೆ ಒಂದು ಸಾಲು ಮೂಡಿತು:

'ತೆಗೆಯಲಾಗದು. ಡ್ರೈವರ್ ಬಳಕೆಯಲ್ಲಿದೆ. ಬರುವುದು ಬಾಕಿ: ೩೧೪.'

ಅವನು ಮೂರು ಸಲ ಓದಿದ. ಫೈಲು ಬರುವುದು ಬಾಕಿ ಇರಬಹುದು ಎಂದುಕೊಂಡು ಡಬ್ಬಿ ಬರೆದಿಡುವ ದಾಖಲೆ, ಅದರ ಲಾಗ್ ತೆರೆದು ನೋಡಿದರೆ ಅಲ್ಲಿ ಫೈಲಿನ ಹೆಸರಿರಲಿಲ್ಲ. ಎತ್ತರ, ನಡಿಗೆ, ದನಿ, ಕೊನೆಗೆ ಕಂಡ ದಿನ. ಎಲ್ಲವೂ ಮನುಷ್ಯರು.

ಅವನು ಕರೆ ಮಾಡಿದಾಗ ಡಬ್ಬಿ ತಯಾರಿಸುವ ಕಂಪನಿಯ ಬೆಂಗಳೂರಿನ ಕಂಟ್ರೋಲ್ ರೂಮಿನಲ್ಲಿ ಸಿಂಚನಾ ಎಂಬ ಹುಡುಗಿ ಇದ್ದಳು. ವಿಡಿಯೋದಲ್ಲಿ ಆಕೆಯ ಹಿಂದೆ ಗೋಡೆ ತುಂಬ ಪರದೆಗಳು, ಪ್ರತಿ ಪರದೆಯಲ್ಲೂ ಯಾರದೋ ಕಣ್ಣು ಕಾಣುತ್ತಿದ್ದ ಯಾವುದೋ ಊರು. ಆಕೆ ಲಾಗನ್ನು ಕೊನೆಯ ಸಾಲಿನ ತನಕ ಓದಿದಳು.

"ಸಾರ್, ಇದು ಕೆಟ್ಟಿಲ್ಲ. ಸರಿಯಾಗೇ ಕೆಲಸ ಮಾಡ್ತಿದೆ. ಅದೇ ಭಯ ಆಗ್ತಿರೋದು."

"ಅಂದ್ರೇನ್ರಿ ಮೇಡಮ್ಮಾರ?"

"ಒಂದು ಸಲ ನೋಡಿದ ಮನುಷ್ಯನನ್ನ ಡಬ್ಬಿ ಪ್ರತಿ ಸಲ ಹೊಸದಾಗಿ ಬರಿಯಲ್ಲ ಸಾರ್, ಬ್ಯಾಟರಿ ಉಳಿಸ್ಬೇಕಲ್ಲ. ಇಟ್ಕೊಂಡಿರುತ್ತೆ. ಅವರು ಎದ್ದು ಹೊರಡುವಾಗ ಏನು ಹೇಳ್ತಾರೋ ಕೇಳಿಸ್ಕೊಳ್ಳುತ್ತೆ. 'ಹೋಗ್ತೀನಿ' ಅಂದ್ರೆ ಅಳಿಸಿಬಿಡುತ್ತೆ. 'ಬರ್ತೀನಿ' ಅಂದ್ರೆ..." ಆಕೆ ತಡೆದಳು. "ಸಾರ್, ನಿಮ್ಮ ಕಡೆ ಮನೆಯಿಂದ ಹೊರಡುವಾಗ ಏನಂತಾರೆ?"

"ಬರ್ತೀನ್ರಿ ಅಂತಾರ. ಮತ್ತೇನಂತಾರ?"

"ನಮ್ಮನೇಲೂ ಅದೇ. ಪದಗಳ ಪಟ್ಟಿ ಮಾಡಿದವರು ನಿಘಂಟು ನೋಡಿ ಮಾಡಿದ್ದಾರೆ ಸಾರ್. ಬರ್ತೀನಿ ಅಂದ್ರೆ ಬರ್ತಾ ಇದ್ದಾರೆ. ಆದ್ದರಿಂದ ಅವರನ್ನ ಅಳಿಸಬಾರದು, ಬರ್ತಾ ಇರೋ ಹಾಗೆ ಬರೀತಾ ಇರ್ಬೇಕು, ನಿಜವಾಗಿ ಬಂದಾಗ ಚಿತ್ರ ತಯಾರಿರ್ಲಿ ಅಂತ. ಮುಂಚೆ ಹತ್ತು ನಿಮಿಷದ ಗಡುವು ಇತ್ತು. ಅಷ್ಟರಲ್ಲಿ ಬರದಿದ್ರೆ ಬಚ್ಚಿಡೋದು. ಈ ಅಪ್‌ಡೇಟ್ ಹೊಸ ಮಾದರಿಗೆ ಮಾಡಿದ್ದು, ಹಳೇದಕ್ಕೆ ಹಾಕಿದಾಗ ಆ ಗಡುವೇ ಹೋಗಿಬಿಟ್ಟಿದೆ. ನಾಲ್ಕು ವರ್ಷದಿಂದ ಬಚ್ಚಿಟ್ಟಿದ್ದವರೆಲ್ಲ ಎದ್ದು ಹೊರಟಿದ್ದಾರೆ. ಅವರು ಬಂದು ಮುಟ್ಟೋವರೆಗೂ ಹಳೇ ಡ್ರೈವರ್ ಜಾಗ ಬಿಡಲ್ಲ. ಅದು ಬಿಡದೆ ಹೊಸದು ಕೂರಲ್ಲ."

"ಬಲವಂತದಿಂದ ಕಿತ್ತ ಒಗದ್ರ?"

"ಸೊಲ್ಲಾಪುರದಲ್ಲಿ ನಿನ್ನೆ ಹಾಗೆ ಮಾಡಿದ್ರು. ಅಲ್ಲೂ ಇದೇ ಮಾತಂತೆ, ಹೊರಡುವಾಗ ಬರ್ತೀನಿ ಅನ್ನೋದು. ಚಿಪ್ ಅಲ್ಲೇ ಲಾಕ್ ಆಯ್ತು. ಮತ್ತೆ ಆಪರೇಷನ್ನೇ ಗತಿ." ಆಕೆ ಪರದೆಯಲ್ಲಿ ಏನನ್ನೋ ನೋಡಿ ಮೆಲ್ಲಗೆ ಹೇಳಿದಳು. "ಸುಮ್ನೆ ಬಿಟ್ರೂ ಅಷ್ಟೇ ಸಾರ್. ಅಪ್‌ಡೇಟ್ ಆಗಿ ಎಪ್ಪತ್ತೆರಡು ಗಂಟೆ ಒಳಗೆ ಸರಿಯಾದ ಡ್ರೈವರ್ ಸಿಗದಿದ್ರೆ ಚಿಪ್ ತಾನಾಗೇ ಮಲಗುತ್ತೆ. ನಿಮ್ಮದಕ್ಕೆ ಇವತ್ತು ಸಂಜೆ ಐದು."

ಶಿವಗಂಗವ್ವನಿಗೆ ಅರವತ್ನಾಲ್ಕು. ಇನ್ನೊಂದು ಆಪರೇಷನ್ ಈ ದೇಹ ತಡೆಯದು ಎಂದು ಡಾಕ್ಟರು ಮೊದಲೇ ಬರೆದುಕೊಟ್ಟಿದ್ದರು. ಗುರುಪಾದ ಗೋಡೆಯ ಗಡಿಯಾರ ನೋಡಿದ. ಹತ್ತೂ ಇಪ್ಪತ್ತು. ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ.

*

ಖಾನಾವಳಿಯಲ್ಲಿ ಮಧ್ಯಾಹ್ನದ ಒಲೆ ಹತ್ತಿತ್ತು. ಶಿವಗಂಗವ್ವ ಗಲ್ಲಾದ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಎಂದೂ ಕೂತು ಗೊತ್ತಿದ್ದ ಜೀವವಲ್ಲ ಅದು. ಬಡಿಸುವ ಮಹಾದೇವಿ ಒಬ್ಬಳೇ ಒಳಗೂ ಹೊರಗೂ ಓಡಾಡುತ್ತಿದ್ದಳು.

"ಬಂದ್ರೇನ್ರಿ ಸಾಹೇಬ್ರ?" ಎಂದಳು ಮಹಾದೇವಿ. "ನಮ್ಮಕ್ಕಾಗ ದೆವ್ವ ಹಿಡದಾವಂತ ಓಣಿ ತುಂಬ ಸುದ್ದಿ ಆಗೇತಿ. ದೆವ್ವ ಅಲ್ಲ, ಡ್ರೈವರ್ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗೇತಿ."

ಗುರುಪಾದ ಲ್ಯಾಪ್‌ಟಾಪ್ ತೆರೆದ. ಶಿವಗಂಗವ್ವನ ಕಣ್ಣಿಗೆ ಕಾಣುವುದೆಲ್ಲ ಈಗ ಅದರಲ್ಲಿ ಕಾಣತೊಡಗಿತು. ಒಲೆ, ಹಂಡೆ, ಮಹಾದೇವಿ, ಎಲ್ಲವೂ ಬೂದಿಯಲ್ಲಿ ಗೀಚಿದ ಹಾಗೆ. ಆಕೆ ಮುಖ ಬಾಗಿಲ ಕಡೆ ತಿರುಗಿಸಿದಳು. ಗುರುಪಾದ ಪರದೆಯ ಮೇಲೆ ಬಾಗಿದ.

ಬಾಗಿಲ ತುಂಬ ಜನ. ಮೆಟ್ಟಿಲ ಮೇಲೆ, ಮೆಟ್ಟಿಲ ಕೆಳಗೆ, ಓಣಿಯ ಅಗಲಕ್ಕೂ ಜನ. ಹೆಗಲಿಗೆ ಹೆಗಲು ಹತ್ತಿ, ಒಬ್ಬರೊಳಗೊಬ್ಬರು ಅರ್ಧ ಸೇರಿಕೊಂಡು. ಎಲ್ಲರ ಕಾಲೂ ಆಡುತ್ತಿದ್ದವು. ಒಂದೇ ಸಮನೆ ನಡೆಯುತ್ತಿದ್ದರು, ನಿಂತಲ್ಲೇ. ಹೊಸ್ತಿಲ ಹತ್ತಿರ ಬಂದ ಕಾಲು ಹೊಸ್ತಿಲು ದಾಟುತ್ತಿರಲಿಲ್ಲ, ಹಿಂದಕ್ಕೂ ಹೋಗುತ್ತಿರಲಿಲ್ಲ.

ಗುರುಪಾದ ಪರದೆಯಿಂದ ತಲೆಯೆತ್ತಿ ಬಾಗಿಲು ನೋಡಿದ. ಮೆಟ್ಟಿಲ ಮೇಲೆ ಹನ್ನೊಂದು ಗಂಟೆಯ ಬಿಸಿಲು ಬಿದ್ದಿತ್ತು. ಒಂದು ನಾಯಿ ಮಲಗಿತ್ತು. ಇನ್ಯಾರೂ ಇರಲಿಲ್ಲ.

"ಕಂಡ್ರೇನು?" ಎಂದಳು ಶಿವಗಂಗವ್ವ.

"ಕಂಡ್ರು."

"ನೀನೂ ನೋಡಿದಿ, ಸಾಕು. ನನಗ ತಲಿ ಕೆಟ್ಟಿಲ್ಲ ಅಂತಾತು."

ಅವನು ಎಲ್ಲವನ್ನೂ ಹೇಳಿದ. ತಾನು ಶುಕ್ರವಾರ ಒತ್ತಿದ ಗುಂಡಿಯನ್ನೂ ಮುಚ್ಚಿಡಲಿಲ್ಲ. ಐದು ಗಂಟೆಯ ಗಡುವನ್ನೂ ಹೇಳಿದ. ಶಿವಗಂಗವ್ವ ಬೈಯಲಿಲ್ಲ. ಬಾಗಿಲ ಕಡೆಗೇ ತಿರುಗಿ, "ಅಂದ್ರ ಇವ್ರೆಲ್ಲ ನನ್ನ ಕೈಯಾಗ ಉಂಡು, ಬರ್ತೀನಿ ಅಂದ ಮಂದಿ," ಎಂದಳು. "ಅದಕ್ಕ ನಡಿಗಿ ಗುರುತ ಹತ್ತಾಕತ್ತಿದ್ದು."

ಮಾಡಬೇಕಾದ್ದು ಎರಡು ಕೆಲಸ. ಬರ್ತೀನಿ ಅಂದವರು ನಿಜವಾಗಿ ಬಂದು ನಿಂತರೆ ಬಾಕಿಯ ಲೆಕ್ಕ ಇಳಿಯುತ್ತದೆ. ಹೊರಡುವಾಗ 'ಹೋಗ್ತೀನಿ' ಅಂದರೆ ಮತ್ತೆ ಏರುವುದಿಲ್ಲ. ಮಹಾದೇವಿ ಫೋನು ಹಿಡಿದು ಗೊತ್ತಿದ್ದ ಗಿರಾಕಿಗಳನ್ನೆಲ್ಲ ಊಟಕ್ಕೆ ಕರೆದಳು. ಹನ್ನೆರಡೂವರೆಗೆ ಖಾನಾವಳಿ ಕಿಕ್ಕಿರಿಯಿತು. ಒಬ್ಬೊಬ್ಬರೂ ಹೊಸ್ತಿಲು ದಾಟಿದಾಗ ಪರದೆಯಲ್ಲಿ ಒಂದು ಸುಳ್ಳು ಆಕಾರ ನಿಜದ ಮೈಯೊಳಗೆ ಸೇರಿಕೊಳ್ಳುತ್ತಿತ್ತು, ಅಂಕಿ ಒಂದಿಳಿಯುತ್ತಿತ್ತು. ಗುರುಪಾದನ ಉಸಿರು ಸಲೀಸಾಯಿತು. ಅದೂ ಅವರು ಉಂಡು ಏಳುವ ತನಕ.

ಆಟೋ ಓಡಿಸುವ ಇಮಾಮಸಾಬ ಮೊದಲು ಎದ್ದ. ಕೈತೊಳೆದು, ಹೆಗಲ ವಲ್ಲಿಯಲ್ಲಿ ಬಾಯಿ ಒರೆಸಿ, "ಬರ್ತೀನ್ರಿ ಅಕ್ಕಾರ," ಎಂದ.

ಅಂಕಿ ಒಂದೇರಿತು.

"ಏ ಇಮಾಮ್ಯಾ!" ಮಹಾದೇವಿ ಸೌಟು ಎತ್ತಿದಳು. "ಎಷ್ಟ ಸಲ ಹೇಳಲೋ? ಇವತ್ತ ಯಾರೂ ಬರ್ತೀನಿ ಅನ್ನಂಗಿಲ್ಲ. ಹೋಗ್ತೀನಿ ಅನ್ನಬೇಕು."

"ಹೊಕ್ಕೀನಿ."

"ನಮ್ಮ ಕಡೆ ಮಾತು ಡಬ್ಬಿಗೆ ತಿಳಿಯಂಗಿಲ್ಲಪ್ಪ," ಎಂದ ಗುರುಪಾದ. "ಪುಸ್ತಕದಾಗಿನ ಹಂಗ ಅನ್ನು."

ಇಮಾಮಸಾಬ ಬಾಗಿಲ ಚೌಕಟ್ಟು ಹಿಡಿದು ನಿಂತ. ಬಾಯಿ ತೆರೆದ, ಮುಚ್ಚಿದ. "ಉಂಡ ಮನ್ಯಾಗ ನಿಂತು ಹಂಗ ಹ್ಯಾಂಗ ಅನ್ನೂದ್ರಿ? ನಮ್ಮವ್ವ ಕೇಳಿದ್ರ ಕಪಾಳಕ್ಕ ಹೊಡಿತಾಳ. ಗಾಡಿ ಹೊಡಿಯಾಂವ ನಾನು. ಬಾಯಿಲೆ ಅಂಥಾದ್ದು ಬಂದ್ರ ದಾರ್ಯಾಗ ಏನರ ಆತಂದ್ರ?"

"ಅಕ್ಕನ ಕಣ್ಣ ಹೊಕ್ಕಾವೋ!" ಎಂದಳು ಮಹಾದೇವಿ.

ಅವನು ಆ ಕಡೆ ಈ ಕಡೆ ನೋಡಿ, ಕಣ್ಣು ಮುಚ್ಚಿ, ತಪ್ಪೊಪ್ಪಿಕೊಳ್ಳುವವನಂತೆ "ಹೋಗ್ತೀನಿ" ಎಂದ. ಅನ್ನುವುದೇ ತಡ, ಶಿವಗಂಗವ್ವ ಹೌಹಾರಿದಳು. "ಯವ್ವಾ! ಎಲ್ಲಿ ಹ್ವಾದ?" ಪರದೆಯಲ್ಲಿ ಅವನು ನಿಂತ ಜಾಗ ಬರಿದಾಗಿತ್ತು. ನಿಜದ ಬಾಗಿಲಲ್ಲಿ ಇಮಾಮಸಾಬ ಚೌಕಟ್ಟು ಹಿಡಿದು ಹಾಗೇ ನಿಂತಿದ್ದ, ತನ್ನ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಆಮೇಲೆ ಒಬ್ಬೊಬ್ಬರನ್ನೂ ಒಪ್ಪಿಸುವುದು ಹೆಣಗಾಟವೇ ಆಯಿತು. ಅಭ್ಯಾಸಬಲದಿಂದ 'ಹೋಗಿ ಬರ್ತೀನಿ' ಅಂದವರು ಅಳಿದು ಮತ್ತೆ ಮೂಡಿದರು. ಹಳ್ಯಾಳ ಮಾಸ್ತರು ನಿವೃತ್ತ ಚಿತ್ರಕಲಾ ಶಿಕ್ಷಕರು, ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಉಂಡಿದ್ದರು. "ನಾನಂತೂ ಎಪ್ಪತ್ತಾರು ದಾಟೀನಿ, ನನಗೇನ ಅಂಜಿಕಿ?" ಎಂದು ಎದ್ದವರು, ಹೊಸ್ತಿಲ ಹತ್ತಿರ ಹೋಗಿ ನಿಂತು, "ಶಿವಗಂಗಾ, ಬ್ಯಾರೆ ಶಬ್ದ ಇಲ್ಲೇನವಾ?" ಎಂದು ಕೇಳಿದರು. ಇಲ್ಲವೆಂದ ಮೇಲೆ ಹೇಳಿದರು. ಅಳಿದರು. ಮೆಟ್ಟಿಲ ಮೇಲೆ ಅವರ ಬಡಿಗೆಯ ಸಪ್ಪಳ ಮಾತ್ರ ಶಿವಗಂಗವ್ವನಿಗೆ ಕೇಳಿಸಿತು.

*

ಎರಡೂವರೆಗೆ ಗೊತ್ತಿದ್ದವರು ಮುಗಿದರು. ಬಾಕಿ ನೂರ ಎಪ್ಪತ್ತೊಂದು. ಇವರಲ್ಲಿ ಹೆಚ್ಚಿನವರು ದಾರಿಹೋಕರು. ಒಂದು ಸಲ ಉಂಡು, ಬರ್ತೀನಿ ಅಂದು, ಮತ್ತೆ ಈ ಕಡೆ ಬಾರದವರು. ಯಾವ ಊರೋ, ಯಾವ ಹೆಸರೋ.

ಸಿಂಚನಾ ಫೋನಿನಲ್ಲೇ ಇದ್ದಳು. "ಒಂದು ದಾರಿ ಇದೆ ಸಾರ್. ಡಬ್ಬಿ ಯಾರದೋ ಅವರೇ ಆ ಆಕಾರವನ್ನ ನೋಡ್ಕೊಂಡು 'ಹೋದ' ಅಂದ್ರೆ ಸಾಕು, ಒಪ್ಕೊಳ್ಳುತ್ತೆ. ಒಬ್ಬೊಬ್ಬರಿಗೂ ಹೇಳ್ಬೇಕು."

ಶಿವಗಂಗವ್ವ ಕೈಯಾಡಿಸಿದಳು. "ಛೀ! ಜೀವಂತ ಇದ್ದಾವ್ರಿಗೆ ಹೋದ ಅನ್ನಲೇನು? ಯಾರ ಮಗನೋ, ಯಾರ ಗಂಡನೋ. ನನ್ನ ಬಾಯಿಲೆ ಅದು ಬರಂಗಿಲ್ಲ ತಮ್ಮಾ. ಕಣ್ಣ ಹೋದ್ರ ಹೋಗವಲ್ದ್ಯಾಕ."

ಗುರುಪಾದ ತಲೆ ಹಿಡಿದುಕೊಂಡು ಕೂತ. ಡ್ರೈವರಿಗೆ ಹೋಗುವುದೆಂದರೆ ಹೋಗುವುದು ಅಷ್ಟೇ, ಈಕೆಗೆ ಅದು ಸಾವು. ಮಹಾದೇವಿ ತಾಟು ತೊಳೆಯುತ್ತಿದ್ದವಳು ಅಲ್ಲಿಂದಲೇ ಕೂಗಿದಳು: "ಅಕ್ಕಾ, ಊರಿಗೆ ಹೋದ ಅನ್ನಲ್ಲ! ಅವನ ಊರಿಗೆ ಅಂವ ಹೋದ. ಅದರಾಗೇನ ಕೆಟ್ಟೈತಿ?"

ಶಿವಗಂಗವ್ವ ಕನ್ನಡಕವನ್ನು ಬಾಗಿಲ ಕಡೆ ತಿರುಗಿಸಿದಳು. ಎಲ್ಲರಿಗಿಂತ ಮುಂದೆ ಒಂದು ಎತ್ತರದ ಆಕಾರ ನಡೆಯುತ್ತ ನಿಂತಿತ್ತು.

"ಇಂವ ಗುರೆಳ್ಳು ಚಟ್ನಿ ಮೂರ ಸಲ ಹಾಕಿಸಿಕೊಂಡಾಂವ. ಲಾರಿ ಮ್ಯಾಲ ಬಂದಿದ್ದ. ಅವನ ಊರಿಗೆ ಹೋದ."

ಆಕಾರ ಹೋಯಿತು. ನೂರ ಎಪ್ಪತ್ತು.

"ಈಕಿ ಪರೀಕ್ಷಾಕ್ಕ ಬಂದ ಹುಡುಗಿ. ಅಂಜಿ ಅರ್ಧ ರೊಟ್ಟಿನೂ ತಿನ್ನಲಿಲ್ಲ. ಪಾಸಾಗಿ ತನ್ನ ಊರಿಗೆ ಹೋದಳು. ಇಂವ ಕುಂಟ ಸಾಧು. ದುಡ್ಡ ಒಲ್ಲೆ ಅಂದ್ರ ಸಿಟ್ಟಿಗೆದ್ದ. ತನ್ನ ಮಠಕ್ಕ ಹೋದ."

ಹೀಗೆ ಎರಡು ತಾಸು. ಶಿವಗಂಗವ್ವ ಒಬ್ಬೊಬ್ಬರನ್ನೂ ಅವರವರ ಹಸಿವಿನಿಂದ ಗುರುತು ಹಿಡಿದಳು, ಒಬ್ಬೊಬ್ಬರನ್ನೂ ಮನೆ ಮುಟ್ಟಿಸಿದಳು. ಗುರುಪಾದ ನಡುನಡುವೆ ನೀರು ಕೊಟ್ಟ. ಓಣಿ ತೆರವಾಗುತ್ತ ಬಂತು. ಮೆಟ್ಟಿಲು ಕಂಡವು. ಮಲಗಿದ್ದ ನಾಯಿಯ ಬೂದು ಗೆರೆಯೂ ಕಂಡಿತು. ಆ ಸಾಲಿನಲ್ಲಿ ನಿಜವಾಗಿ ತೀರಿಕೊಂಡವರೂ ಇಬ್ಬರಿದ್ದರು. ಅವರ ದಿನಕರ್ಮಕ್ಕೆ ಅಡಿಗೆ ಮಾಡಿಕೊಟ್ಟವಳು ಈಕೆಯೇ. ಅವರಿಗೆ ಕೈಮುಗಿದು "ಹೋದ್ರು" ಎಂದಳು, ಊರು ಸೇರಿಸಲಿಲ್ಲ.

ನಾಲ್ಕೂ ಮೂವತ್ತೆಂಟಕ್ಕೆ ಪರದೆಯ ಮೇಲೆ, 'ಬರುವುದು ಬಾಕಿ: ೧.'

ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಕುಳ್ಳಗೆ, ದಪ್ಪಗೆ, ಎಡಗಡೆ ವಾಲಿಕೊಂಡು ನಡೆಯುತ್ತ. ಬಿಡುವಿಲ್ಲದೆ ನಡೆಯುತ್ತ, ಹೊಸ್ತಿಲ ಆಚೆಗೇ.

ಗುರುಪಾದನಿಗೂ ಆ ನಡಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಕಾಶವ್ವ. ಮೂವತ್ತೊಂದು ವರ್ಷ ಈ ಒಲೆಯ ಮುಂದೆ ರೊಟ್ಟಿ ಬಡಿದವಳು. ಎಂಟು ತಿಂಗಳ ಹಿಂದೆ ತಂಗಿಯ ಮಗಳ ಬಾಣಂತನಕ್ಕೆಂದು, "ನಾಕ ದಿನದಾಗ ಬರ್ತೀನಿ ತಗೋ," ಅಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದವಳು ಅಲ್ಲೇ ಎದೆನೋವು ಬಂದು ತೀರಿಕೊಂಡಳು. ಆ ವಾರ ಶಿವಗಂಗವ್ವ ಸಕ್ಕರೆ ಏರಿ ಆಸ್ಪತ್ರೆಯಲ್ಲಿದ್ದಳು. ಮಣ್ಣಿಗೆ ಮಹಾದೇವಿ ಒಬ್ಬಳೇ ಹೋಗಿ ಬಂದಿದ್ದಳು.

ಗುರುಪಾದ ಗಡಿಯಾರ ನೋಡಿ, "ಅಕ್ಕಾರ, ಇಪ್ಪತ್ತ ನಿಮಿಷ ಐತ್ರಿ," ಎಂದ.

"ಗೊತ್ತೈತಿ." ಶಿವಗಂಗವ್ವ ಆ ಆಕಾರದ ಕಡೆ ತಿರುಗಿದಳು. "ಕಾಶವ್ವ... ತನ್ನ ಊರಿಗೆ..." ಅಲ್ಲಿಗೇ ನಿಂತಿತು. "ಆಕಿ ಊರು ಯಾವುದೋ ಗುರುಪಾದಾ? ಆಕಿ ಊರು ಇದ ಅಲ್ಲೇನು?"

"ಬರೇ ಹೋದಳು ಅನ್ರಿ. ಖರೇನೂ ಅದ ಐತಿ."

"ನಾ ನೋಡೀನೇನು ಆಕಿ ಹೋಗಿದ್ದನ್ನ? ನನಗ ಹೇಳಿ ಹೋದ ಮಾತ ಒಂದ. ಬರ್ತೀನಿ ಅಂದಾಳ." ಆಕೆ ಎದ್ದಳು. ಗೋಡೆ ಹಿಡಿಯದೆ, ಬೂದುಗೆರೆಗಳ ನಡುವೆ ಹೆಜ್ಜೆಯಿಟ್ಟು, ಬಾಗಿಲಿಂದ ಎರಡು ಮೊಳ ಈಚೆಗೆ ನಿಂತಳು. "ಆತು, ಆಕಿಗೇ ಹೇಳ್ತೀನಿ. ಕಾಶೀ, ಹೋಗಿ ಬಾ."

ಅಂಕಿ ಅಲ್ಲಾಡಲಿಲ್ಲ.

"ಅಕ್ಕಾರ, ಬಾ ಅನ್ನಬ್ಯಾಡ್ರಿ. ಬರೇ ಹೋಗು."

"ಹೋಗು... ಬಾ." ಶಿವಗಂಗವ್ವ ತುಟಿ ಕಚ್ಚಿದಳು. "ಹೋಗ್ ಬಾ. ಹೋಗಿ ಬಾ ಕಾಶವ್ವಾ." ನಾಲ್ಕು ಸಲ, ಐದು ಸಲ. ಅರವತ್ನಾಲ್ಕು ವರ್ಷದಲ್ಲಿ ಈ ಬಾಯಿ ಬಾಗಿಲಲ್ಲಿ ನಿಂತವರಿಗೆ ಬರೇ ಹೋಗು ಅಂದದ್ದಿಲ್ಲ. ಎರಡನೆಯ ಮಾತು ಮೊದಲನೆಯದರ ಬೆನ್ನಿಗೇ ಹೊರಬೀಳುತ್ತಿತ್ತು. ಪ್ರತಿ 'ಬಾ'ಗೂ ಪರದೆಯಲ್ಲಿ ಆ ಕುಳ್ಳ ಆಕಾರದ ನಡಿಗೆ ಒಂದಿಷ್ಟು ಬಿರುಸಾಗುತ್ತಿತ್ತು.

ನಾಲ್ಕೂ ಐವತ್ತೊಂದು. ಫೋನಿನಲ್ಲಿ ಸಿಂಚನಾ ಪಿಸುಗುಟ್ಟಿದಳು. "ಸಾರ್, ಇನ್ನೊಂದಿದೆ. ಅವರು 'ಬಂದ್ಯಾ' ಅಂದ್ರೂ ಬಾಕಿ ತೀರುತ್ತೆ. ಆದರೆ ಆಗ ಬಂದ ಹಾಗೇ ಲೆಕ್ಕ. ಹೊಸ ಡ್ರೈವರು ಅವರನ್ನ ಹಾಜರು ಅಂತ ಬರೆಯುತ್ತೆ. ಮುಖ, ಬಣ್ಣ, ಎಲ್ಲ."

ಗುರುಪಾದ ಇದನ್ನು ಹೇಳಲೋ ಬೇಡವೋ ಎಂದು ಒಂದು ಕ್ಷಣ ಒದ್ದಾಡಿದ. ಹೇಳಿದ. "ಆದ್ರ ಅಕ್ಕಾರ, ಇಲ್ಲದಾಕಿನ್ನ ದಿನಾ ನೋಡಬೇಕಾಕ್ಕೈತಿ. ನಿಮ್ಮ ಕಣ್ಣು ನಿಮಗ ಖರೇ ಹೇಳಂಗಿಲ್ಲ. ಇಚಾರ ಮಾಡ್ರಿ."

"ಹೋಗು ಅನ್ನಾಕ ಬರದ ಬಾಯಿಗೆ ಇಚಾರ ಏನಪ್ಪ?" ಎಂದಳು ಶಿವಗಂಗವ್ವ. ಸೆರಗಿನಿಂದ ಕೈ ಒರೆಸಿಕೊಂಡು, ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬಂದ್ಯಾ? ಎಷ್ಟೊತ್ತವಾ. ಬಾ ಒಳಗ."

ಆಕಾರ ಹೊಸ್ತಿಲು ದಾಟಿತು.

'ಬರುವುದು ಬಾಕಿ: ೦.' ಹಳೆಯ ಡ್ರೈವರ್ ಕಳಚಿಕೊಂಡಿತು. ಪರದೆ ಕಪ್ಪಾಯಿತು. ಶಿವಗಂಗವ್ವ ಕತ್ತಲಲ್ಲಿ ನಿಂತು ಗುರುಪಾದನ ಭುಜ ಹಿಡಿದಳು. ಒಂದು ನಿಮಿಷ, ಎರಡು ನಿಮಿಷ, ಹಸಿರು ಗೆರೆ ಎಡದಿಂದ ಬಲಕ್ಕೆ ಮೆಲ್ಲಗೆ ತುಂಬಿತು. ನಾಲ್ಕೂ ಐವತ್ತೇಳಕ್ಕೆ ಬಣ್ಣ ಬಂತು. ಸಂಜೆಯ ಬಿಸಿಲು, ಹಿತ್ತಾಳೆ ಹಂಡೆ, ಮಹಾದೇವಿಯ ಕೆಂಪು ಕುಪ್ಪಸ, ಗುರುಪಾದನ ಬೆವೆತ ಮುಖ. ಎಲ್ಲವೂ ಹೊಳೆಯುವಷ್ಟು ಸ್ಪಷ್ಟ.

"ಕಾಣತೈತೇನ್ರಿ ಅಕ್ಕಾರ?"

"ಕಾಣತೈತಿ." ಆಕೆಯ ಗಲ್ಲದ ಮೇಲೆ ನೀರಿಳಿಯಿತು. "ನೀ ಭಾಳ ಸೊರಗೀಯೋ ಗುರುಪಾದಾ."

ಪರದೆಯ ಮೂಲೆಯಲ್ಲಿ ಹೊಸ ಡ್ರೈವರ್ ತಾನು ಕಂಡವರ ಲೆಕ್ಕ ಬರೆದಿತ್ತು. ಖಾನಾವಳಿಯಲ್ಲಿ ಆಕೆಯ ಎದುರಿಗಿದ್ದವರು ಗುರುಪಾದ, ಮಹಾದೇವಿ, ಇಬ್ಬರೇ. ಅಲ್ಲಿದ್ದ ಸಾಲು, 'ಹಾಜರು: ೩.'

ಅವನು ಪರದೆಯಲ್ಲಿ ಒಲೆಯ ಕಡೆ ನೋಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ.

*

ಮರುದಿನ ಸಿಂಚನಾ ಫೋನ್ ಮಾಡಿದಳು. "ಸಾರ್, ನಿಮ್ಮ ಡಬ್ಬೀಲಿ ಹಾಜರಾತಿ ಒಂದು ಜಾಸ್ತಿ ತೋರಿಸ್ತಿದೆ. ಇಲ್ಲಿಂದಲೇ ತೆಗೆದುಬಿಡ್ಲಾ? ಒಂದು ಕ್ಲಿಕ್ ಅಷ್ಟೇ."

"ಬ್ಯಾಡ್ರಿ ಮೇಡಮ್ಮಾರ. ಕೇಳಿ ಹೇಳ್ತೀನಿ."

"ಯಾರನ್ನ ಕೇಳ್ತೀರಾ ಸಾರ್?"

ಗುರುಪಾದ ಫೋನ್ ಇಟ್ಟುಬಿಟ್ಟ. ಸಿಂಚನಾ ಕೂಡ ಮತ್ತೆ ಕೇಳಲಿಲ್ಲ.

ತಿಂಗಳೆರಡು ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಖಾನಾವಳಿಗೆ ಉಣ್ಣಲು ಹೋದ. ಶಿವಗಂಗವ್ವ ಒಲೆಗೂ ಪಂಕ್ತಿಗೂ ಚುರುಕಾಗಿ ಓಡಾಡುತ್ತಿದ್ದಳು. ಸಾರು ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ಒಲೆಯ ಪಕ್ಕ ಒಂದು ಮಣೆ ಹಾಕಿತ್ತು, ಮೇಲೆ ಯಾರೂ ಇರಲಿಲ್ಲ. ರೊಟ್ಟಿಯನ್ನು ಮಹಾದೇವಿ ಈಚೆ ಬದಿಗೆ ಕೂತು ಬಡಿಯುತ್ತಿದ್ದಳು. ನೀರಿನ ಕೊಡಕ್ಕೆ ಹೋಗುವ ಗಿರಾಕಿಗಳು ಆ ಮಣೆಯನ್ನು ಸುತ್ತುಹಾಕಿ ಹೋಗುತ್ತಿದ್ದರು. ಇಮಾಮಸಾಬ ಸುತ್ತುಹಾಕಿದ. ಹಳ್ಯಾಳ ಮಾಸ್ತರು ಬಡಿಗೆ ಎತ್ತಿ ಹಿಡಿದು, ಯಾರ ಕಾಲಿಗೂ ತಾಗದಂತೆ ಸುತ್ತುಹಾಕಿದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಗುರುಪಾದ ಕೈ ತೊಳೆಯಲು ಎದ್ದವನು, ತಾನೂ ಸುತ್ತುಹಾಕಿ ಬಂದದ್ದು ಬಂದು ಕೂತ ಮೇಲೆ ತಿಳಿಯಿತು.

ಆಗ ಹೊಸಬನೊಬ್ಬ ಬಂದ. ಔಷಧಿ ಮಾರುವ ಪ್ರತಿನಿಧಿ ಇರಬೇಕು, ಕೈಯಲ್ಲಿ ಚೀಲ. ಬಂದವನೇ ದಾಹವೆಂದು ನೆಟ್ಟಗೆ ನೀರಿನ ಕೊಡದ ಕಡೆ ನಡೆದ, ಒಲೆಯ ಪಕ್ಕದ ಆ ಜಾಗವನ್ನೇ ಹಾಯ್ದು. ಇಪ್ಪತ್ತು ಮಂದಿಯ ತುತ್ತು ಕೈಯಲ್ಲೇ ನಿಂತಿತು. ಮಹಾದೇವಿ ರೊಟ್ಟಿ ಬಡಿಯುವುದನ್ನು ಬಿಟ್ಟಳು.

"ಅಯ್ಯ, ನೋಡಿ ಹೋಗ್ರೀ!" ಎಂದರು ಮಾಸ್ತರು.

ಆ ಮನುಷ್ಯ ಬೆದರಿ ಎಲ್ಲರ ಮುಖ ನೋಡಿದ. ಶಿವಗಂಗವ್ವ ಒಲೆಯ ಮುಂದಿನಿಂದ ತಿರುಗಿ, ಆ ಜಾಗವನ್ನೊಮ್ಮೆ ನೋಡಿ, ನಕ್ಕಳು.

"ಇರ್ಲಿ ಬಿಡ್ರಿ ಮಾಸ್ತರ. ಆಕಿನ ಬದಿಗೆ ಸರದಾಳ."